ಒಂದು ಚೀಲ ಮೈಲುತುತ್ತದ ಹಿಂದೆ

2024ರ ಜೂನ್ ಮೊದಲ ವಾರ. ಅಡಿಕೆ ತೋಟಕ್ಕೆ ಕೊಳೆರೋಗದ ಔಷಧಿ ಹೊಡೆಯುವ ದಿನ. ಬೆಳಿಗ್ಗೆ ಏಳಕ್ಕೇ ಇನ್ನೂರು ಲೀಟರಿನ ಡ್ರಮ್ಮಿನಲ್ಲಿ ಬೋರ್ಡೋ ದ್ರಾವಣ ಕೂಡಿಸಿದ್ದೆವು. ಎರಡು ಕಿಲೋ ಮೈಲುತುತ್ತ, ಅಂದರೆ ತಾಮ್ರದ ನೀಲಿ ಉಪ್ಪು, ಎರಡು ಕಿಲೋ ಸುಣ್ಣ. ಎರಡೂ ಸೇರಿದ ಕೂಡಲೇ ತಿಳಿ ಆಕಾಶದ ಬಣ್ಣ ಬರಬೇಕು. ಅವತ್ತು ಬಂದದ್ದು ಪಾಚಿ ಕಲಸಿದ ಹಾಗಿನ ನೀಲಿ.

ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರ ಕೋಲಿನಲ್ಲಿ ತಿರುಗಿಸುತ್ತ, "ಅಣ್ಣಾ, ಈ ಸಲ ಬಣ್ಣ ಯಾಕೋ ಸಮ ಇಲ್ಲ" ಅಂದ. ನಾನು ಕತ್ತಿ ತಂದು ಅದ್ದಿ ನೋಡಿದೆ. ಅಲಗಿನ ಮೇಲೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು ಅಂತ ಅರ್ಥ. ಹತ್ತಲಿಲ್ಲ. ಸರಿ, ಹೊಡಿ ಅಂದೆ. ಮಧ್ಯಾಹ್ನ ಊಟ ಮುಗಿಸಿ ಬಂದರೆ ಡ್ರಮ್ಮಿನ ತಳದಲ್ಲಿ ಉಳಿದ ಔಷಧಿಯ ಮೇಲೆ ತುಕ್ಕು ಬಣ್ಣದ ಕೆನೆ ಕಟ್ಟಿತ್ತು. ಬೆರಳಲ್ಲಿ ಸವರಿದರೆ ಕಂದು ಬಣ್ಣ ಚರ್ಮಕ್ಕೆ ಅಂಟಿಕೊಂಡಿತು. ಸುಣ್ಣ ಹಳೆಯದಿರಬೇಕು ಅಂತ ಕೈ ತೊಳೆದುಕೊಂಡೆ. ಆ ಕೆನೆಯನ್ನು ಅವತ್ತೇ ಲೆಕ್ಕಕ್ಕೆ ತೆಗೆದುಕೊಂಡಿದ್ದರೆ ಇನ್ನೊಂದು ಸುತ್ತು ಒಳ್ಳೆ ಔಷಧಿ ಹೊಡೆಯಲು ಬಿಸಿಲು ಇತ್ತು.

ಜುಲೈ ಮಳೆ ಹೇಗೆ ಬಂತು ಅಂತ ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ನಮ್ಮದು ತೀರ್ಥಹಳ್ಳಿ ಸೀಮೆ. ಹಗಲು ರಾತ್ರಿ ಬಿಡದೆ ಸುರಿಯಿತು. ಜುಲೈ ಮಧ್ಯದಲ್ಲಿ ಒಂದು ಬೆಳಿಗ್ಗೆ ತೋಟಕ್ಕೆ ಇಳಿದರೆ ಮರದ ಬುಡದಲ್ಲೆಲ್ಲ ಹಸಿರು ಕಾಯಿ. ಒಂದನ್ನು ಎತ್ತಿದೆ. ತೊಟ್ಟಿನ ಹತ್ತಿರ ನೀರು ಹಿಡಿದ ಹಾಗೆ ಕಪ್ಪು ಕಲೆ, ಮೇಲೆ ಬಿಳಿ ಬೂಷ್ಟು. ಕೊಳೆ. ಎಂಟು ದಿನದಲ್ಲಿ ಅರ್ಧ ಫಸಲು ನೆಲದಲ್ಲಿತ್ತು. ಪಕ್ಕದ ತೋಟದಲ್ಲೂ ಕೊಳೆ ಬಂದಿತ್ತು, ಆದರೆ ಅಲ್ಲೊಂದು ಇಲ್ಲೊಂದು ಗೊನೆ. ಅದೇ ಮಳೆ, ಅದೇ ವಾರ ಔಷಧಿ ಹೊಡೆದವರು, ಅದೇ ಕೊನೆಗಾರ. ಬೇರೆಯಾಗಿದ್ದದ್ದು ಮೈಲುತುತ್ತದ ಚೀಲ ಒಂದೇ.

ಅಪ್ಪಯ್ಯ ಮಾತ್ರ ಚೀಲದ ಮೇಲೆ ಅನುಮಾನ ಪಡಲು ಒಪ್ಪಲಿಲ್ಲ. "ಮೂವತ್ತು ವರ್ಷದಿಂದ ತರ್ತಿರೋ ಗುರುತು ಕಣೋ ಅದು" ಅಂದರು. ಅವರ ಮಾತು ತೆಗೆದುಹಾಕುವಂಥದ್ದಲ್ಲ. ನಮ್ಮ ಕಡೆ ಮೈಲುತುತ್ತದ ಮೇಲಿನ ನಂಬಿಕೆ ನೂರು ವರ್ಷ ಹಳೆಯದು. ಕೆನಡಾದ ಲೆಸ್ಲಿ ಕೋಲ್‌ಮನ್ 1908ರಲ್ಲಿ ಮೈಸೂರು ಸರ್ಕಾರದ ಕೆಲಸಕ್ಕೆ ಬಂದರು. ಕೊಳೆರೋಗದ ಮೂಲ ಒಂದು ಶಿಲೀಂಧ್ರ ಅಂತ ಅಭ್ಯಾಸ ಮಾಡಿ, ಫ್ರಾನ್ಸಿನ ದ್ರಾಕ್ಷಿ ತೋಟದ ಈ ಔಷಧಿಯನ್ನು ಅಡಿಕೆಗೆ ಹೊಡೆಯುವ ಕ್ರಮ ತೋರಿಸಿಕೊಟ್ಟರು. ಅಲ್ಲಿಂದ ಇಲ್ಲಿಯವರೆಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಅಜ್ಜ ಹೊಡೆದದ್ದೂ ಇದೇ, ನಾನು ಹೊಡೆಯುವುದೂ ಇದೇ. ಅದಕ್ಕೇ ಆ ಪುಡಿಯಲ್ಲಿ ಯಾರೋ ಕಲಬೆರಕೆ ಮಾಡಿದ್ದಾರೆ ಅಂದಾಗ ದುಡ್ಡು ಹೋದದ್ದಕ್ಕಿಂತ ಜಾಸ್ತಿ ಸಂಕಟವಾಯಿತು.

ಅನುಮಾನ ಬಿಡಿಸಿದವಳು ತಂಗಿಯ ಮಗಳು. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಓದುತ್ತಾಳೆ. ಫೋನಿನಲ್ಲಿ ತುಕ್ಕಿನ ಕೆನೆ ವಿಷಯ ಹೇಳುತ್ತಿದ್ದ ಹಾಗೇ, "ಮಾವ, ಅದರಲ್ಲಿ ಕಬ್ಬಿಣ ಇದೆ" ಅಂದಳು. ಶನಿವಾರ ಬರುವಾಗ ಶಿವಮೊಗ್ಗದಿಂದ ಒಂದು ಸಣ್ಣ ಬಾಟಲಿ ಅಮೋನಿಯಾ ತಂದಳು. ಜಗಲಿಯ ಮೇಲೆ ಎರಡು ಗಾಜಿನ ಲೋಟ ಇಟ್ಟೆವು. ಒಂದರಲ್ಲಿ ಪಕ್ಕದ ಮನೆಯ ಮೈಲುತುತ್ತ ಒಂದು ಚಿಟಿಕೆ, ಇನ್ನೊಂದರಲ್ಲಿ ನಮ್ಮದು. ಹನಿ ಹನಿ ಅಮೋನಿಯಾ ಬಿಟ್ಟಳು. ಮೂಗಿಗೆ ಚುಚ್ಚುವ ವಾಸನೆ. ಪಕ್ಕದ ಮನೆಯದ್ದು ಮೊದಲು ಸ್ವಲ್ಪ ಒಡೆದ ಹಾಲಿನ ಹಾಗಾಗಿ, ಆಮೇಲೆ ಪೂರ್ತಿ ತಿಳಿಯಾಗಿ ಕಡು ನೀಲಿ ಶಾಯಿಯ ಹಾಗೆ ನಿಂತಿತು. ನಮ್ಮ ಲೋಟದಲ್ಲಿ ಕೊಳಕು ಹಸಿರು ಗಸಿ ತಳ ಕಚ್ಚಿತು. ಎಷ್ಟು ಹನಿ ಬಿಟ್ಟರೂ ಕರಗಲಿಲ್ಲ. ಅರ್ಧ ಗಂಟೆಯಲ್ಲಿ ಅದರ ಅಂಚು ಕಂದಾಯಿತು. ಬೆರೆಸಿದ್ದು ಅನ್ನಭೇದಿ, ಅಂದರೆ ಕಬ್ಬಿಣದ ಉಪ್ಪು. ಮೈಲುತುತ್ತಕ್ಕಿಂತ ತುಂಬಾ ಅಗ್ಗ. ಹರಳು ನೋಡಲಿಕ್ಕೂ ಅದರ ಹಾಗೇ ಇರುತ್ತದೆ, ಬಣ್ಣ ಮಾತ್ರ ತಿಳಿ ಹಸಿರು. ಬೆರೆಸಿ ಚೀಲ ಹೊಲಿದರೆ ಬರಿಗಣ್ಣಿಗೆ ಗೊತ್ತಾಗುವುದಿಲ್ಲ. ಕತ್ತಿಯ ಪರೀಕ್ಷೆ ಸುಣ್ಣದ ಲೆಕ್ಕ ಹೇಳುತ್ತದೆ, ಕಲಬೆರಕೆಯನ್ನು ಹೇಳುವುದಿಲ್ಲ ಅಂತ ಅವತ್ತು ತಿಳಿಯಿತು. ಅಪ್ಪಯ್ಯ ಆ ಎರಡು ಲೋಟ ನೋಡುತ್ತ ಬಹಳ ಹೊತ್ತು ಕೂತಿದ್ದರು. ರಾತ್ರಿ ಊಟಕ್ಕೆ ಕರೆದರೂ ಏಳಲಿಲ್ಲ.

ಸೋಮವಾರ ಹೊರಟೆ. ಅಡಿಕೆ ತೋಟದ ಬೆಳೆ, ಹಾಗಾಗಿ ಮೊದಲು ತೋಟಗಾರಿಕೆ ಇಲಾಖೆಗೆ ಹೋದೆ. ಬೆಳೆ ನೋಡುವುದು ಅವರು, ಆದರೆ ಔಷಧಿಯ ಗುಣಮಟ್ಟ ನೋಡುವುದು ಕೃಷಿ ಇಲಾಖೆ. ಇದು ಎಷ್ಟೋ ಜನರಿಗೆ ಗೊತ್ತಿಲ್ಲ. 1968ರ ಕೀಟನಾಶಕ ಕಾಯ್ದೆಯಲ್ಲಿ ಶಿಲೀಂಧ್ರನಾಶಕವೂ ಸೇರುತ್ತದೆ, ಮೈಲುತುತ್ತವೂ ಅದರ ಪಟ್ಟಿಯಲ್ಲಿದೆ. ಅಂಗಡಿಗೆ ಹೋಗಿ ಮಾದರಿ ತೆಗೆಯುವ ಅಧಿಕಾರ ಇರುವುದು ಕೀಟನಾಶಕ ಪರಿವೀಕ್ಷಕರಿಗೆ. ಕೃಷಿ ಇಲಾಖೆಯ ಅಧಿಕಾರಿಗಳಿಗೇ ಆ ಜವಾಬ್ದಾರಿ ಕೊಟ್ಟಿರುತ್ತಾರೆ.

ಅಲ್ಲಿಂದ ಕೃಷಿ ಇಲಾಖೆಗೆ ಹೋದೆ. ಅಲ್ಲಿನ ಅಧಿಕಾರಿ ನನ್ನ ಚೀಲ ನೋಡಿದರು. ತಯಾರಿಕೆ ತಿಂಗಳು, ಬ್ಯಾಚ್ ನಂಬರ್ ಬರೆದುಕೊಂಡರು. ಆಮೇಲೆ ಕೇಳಿದರು:

"ಬಿಲ್ ಇದೆಯಾ?"

"ಚೀಟಿ ಇದೆ ಸಾರ್."

ಬಿಳಿ ಕಾಗದದ ಚೂರು. ಅದರಲ್ಲಿ "ಮೈ.ತು. 25" ಅಂತ ಬರೆದು ಕೆಳಗೆ ಮೊತ್ತ. ಅಂಗಡಿಯ ಹೆಸರಿಲ್ಲ, ತಾರೀಕಿಲ್ಲ, ಬ್ಯಾಚ್ ಇಲ್ಲ. ಬಿಲ್ ಹಾಕಿದರೆ ಜಾಸ್ತಿ ಆಗುತ್ತೆ ಅಂದಿದ್ದರು, ನಾನೂ ಬೇಡ ಅಂದಿದ್ದೆ. ಅಧಿಕಾರಿ ಬೈಯಲಿಲ್ಲ. ಕುರ್ಚಿ ಹತ್ತಿರ ಎಳೆದುಕೊಂಡು ನಿಧಾನ ವಿವರಿಸಿದರು. "ನೋಡಿ, ನೀವು ತಂದಿರೋದು ಬಾಯಿ ಬಿಚ್ಚಿದ ಚೀಲ. ಇದನ್ನೇ ಲ್ಯಾಬಿಗೆ ಕಳಿಸಿದ್ರೆ, ರೈತ ಮನೇಲಿ ಬೆರೆಸಿದ ಅಂತ ನಾಳೆ ಕೋರ್ಟಲ್ಲಿ ಹೇಳ್ತಾರೆ. ಅಂಗಡೀಲಿ ಇದೇ ಬ್ಯಾಚಿನ ಹೊಲಿಗೆ ಬಿಚ್ಚದ ಚೀಲ ಸಿಗಬೇಕು. ನೀವು ಅಂಗಡಿಗೆ ಹೋಗಿ ಜಗಳ ಮಾಡಿದ್ದೀರಾ?"

ಇಲ್ಲ ಅಂದೆ. ಅವರ ಮುಖ ಸಡಿಲವಾಯಿತು. ಜಗಳ ಆಡಿದ್ದರೆ ಆ ರಾತ್ರಿಯೇ ದಾಸ್ತಾನು ಖಾಲಿಯಾಗುತ್ತಿತ್ತಂತೆ. ನನಗೆ ಆ ಶನಿವಾರವೇ ಪೇಟೆಗೆ ಓಡಬೇಕು ಅನ್ನಿಸಿತ್ತು. ತಡೆದವಳು ನನ್ನ ಹೆಂಡತಿ.

ಎರಡು ದಿನ ಬಿಟ್ಟು ತಪಾಸಣೆಗೆ ಹೊರಟರು. ಮುಂಗಾರಿನಲ್ಲಿ ಗೊಬ್ಬರ, ಔಷಧಿ ಅಂಗಡಿಗಳ ತಪಾಸಣೆ ಹೇಗೂ ನಡೆಯುತ್ತದೆ. ಅದರಲ್ಲೇ ಇದನ್ನೂ ಸೇರಿಸಿದರು. ನನ್ನನ್ನು ಎದುರಿನ ಹೋಟೆಲಿನಲ್ಲಿ ಕೂರಲು ಹೇಳಿದ್ದರು. ಆದರೆ ಬಾಗಿಲು ಅಗಲ ಇದ್ದದ್ದರಿಂದ ಎಲ್ಲವೂ ಕಾಣುತ್ತಿತ್ತು. ಅದೇ ಗುರುತಿನ, ಅದೇ ಬ್ಯಾಚಿನ ಏಳು ಚೀಲ ಸಿಕ್ಕವು. ಪಂಚರಾಗಲು, ಅಂದರೆ ಸಾಕ್ಷಿಗೆ ನಿಲ್ಲಲು, ಅಕ್ಕಪಕ್ಕದ ಅಂಗಡಿಯವರು ಒಪ್ಪಲಿಲ್ಲ. ದಿನಾ ಮುಖ ನೋಡುವವರು, ಪಾಪ, ಅವರ ಕಷ್ಟವೂ ಅರ್ಥವಾಗುತ್ತದೆ. ದೂರುದಾರ ನಾನು ಪಂಚನಾಗುವ ಹಾಗಿಲ್ಲ. ಕೊನೆಗೆ ಒಬ್ಬ ಆಟೋದವರು, ಇನ್ನೊಬ್ಬರು ಹೋಟೆಲಿನ ಯಜಮಾನರೇ ಎದ್ದು ಹೋದರು. "ನಂದೂ ಅರ್ಧ ಎಕರೆ ತೋಟ ಇದೆ" ಅಂತ ನನ್ನ ಕಡೆ ತಿರುಗಿ ಹೇಳಿ ಹೋದರು.

ಮಾದರಿ ತೆಗೆಯುವುದನ್ನು ಮರೆಯಲಾರೆ. ಚೀಲದ ಹೊಲಿಗೆ ಬಿಚ್ಚಿದರು. ಮೇಲಿಂದ, ನಡುವಿನಿಂದ, ತಳದಿಂದ ತೆಗೆದು ಹಾಳೆಯ ಮೇಲೆ ಸುರಿದು ಚೆನ್ನಾಗಿ ಬೆರೆಸಿದರು. ಮೂರು ಪಾಲು ಮಾಡಿದರು. ಮೂರು ಪ್ಲಾಸ್ಟಿಕ್ ಪೊಟ್ಟಣ, ಅದರ ಮೇಲೆ ಬಟ್ಟೆ ಚೀಲ, ದಾರದ ಗಂಟು, ಗಂಟಿನ ಮೇಲೆ ಅರಗು. ಮೇಣದ ಬತ್ತಿಯಲ್ಲಿ ಅರಗು ಕರಗಿಸಿ ಹನಿಸಿ ಹಿತ್ತಾಳೆಯ ಮುದ್ರೆ ಒತ್ತುತ್ತಿದ್ದರು. ಹೊರಗೆ ಧೋ ಮಳೆ, ಒಳಗೆ ಮೂರು ನೀಲಿ ಪೊಟ್ಟಣ. ಒಂದು ಅಂಗಡಿಯವರಿಗೇ ವಾಪಸ್. ಒಂದು ಪ್ರಯೋಗಾಲಯಕ್ಕೆ. ಇನ್ನೊಂದು ನ್ಯಾಯಾಲಯಕ್ಕೆ ಅಂತ ಎತ್ತಿಡುವುದು. ಮಾದರಿಗೆ ನ್ಯಾಯವಾದ ಬೆಲೆಯನ್ನೂ ಕೊಡಬೇಕು, ಕೊಟ್ಟರು. ಉಳಿದ ಚೀಲಗಳ ಮಾರಾಟ ನಿಲ್ಲಿಸುವ ಆದೇಶ ಬರೆದು ಸಹಿ ಹಾಕಿಸಿಕೊಂಡರು. ಇಷ್ಟಕ್ಕೆ ಮೂರೂವರೆ ಗಂಟೆ ಹಿಡಿಯಿತು. ಸುಮ್ನೆ ಚೀಲ ಎತ್ತಿಕೊಂಡು ಹೋಗಬಾರದಾ ಅಂತ ಮೊದಲು ಅನ್ನಿಸುತ್ತಿತ್ತು. ಒಂದು ಮುದ್ರೆ ತಪ್ಪಿದರೂ ಕೇಸು ಬಿದ್ದುಹೋಗುತ್ತದೆ ಅಂತ ಗೊತ್ತಾದ ಮೇಲೆ, ಆ ಅರಗು ಆರುವವರೆಗೂ ನಾನೂ ಉಸಿರು ಬಿಗಿ ಹಿಡಿದು ಕೂತೆ.

ವಿಶ್ಲೇಷಕರ ವರದಿಗೆ ಕಾನೂನು ಕೊಡುವ ಅವಧಿ 30 ದಿನ. ಆ ಒಂದು ತಿಂಗಳು ತೋಟದಲ್ಲಿ ಉಳಿದದ್ದನ್ನು ಉಳಿಸಿಕೊಳ್ಳುವ ಕೆಲಸ. ಮಳೆ ಬಿಟ್ಟ ಎರಡು ದಿನದಲ್ಲಿ ಬೇರೆ ಮೈಲುತುತ್ತ ತಂದು ಹೊಡೆದೆವು. ಬಿದ್ದ ಕಾಯಿ ಆರಿಸಿ ಒಲೆಯ ಮೇಲೆ ಅಟ್ಟದಲ್ಲಿ ಒಣಗಿಸಿದೆವು. ಮನೆಯೆಲ್ಲ ಹುಳಿ ವಾಸನೆ.

ಆಗಸ್ಟ್ ಕೊನೆಗೆ ವರದಿ ಬಂತು. ಶುದ್ಧ ಮೈಲುತುತ್ತದಲ್ಲಿ ನೂರಕ್ಕೆ ಸುಮಾರು 25 ಪಾಲು ತಾಮ್ರ ಇರುತ್ತದೆ. ಇದರಲ್ಲಿ ಹತ್ತೂ ಇರಲಿಲ್ಲ. ವರದಿಯ ಕೊನೆಯಲ್ಲಿ 'ಮಿಸ್‌ಬ್ರಾಂಡೆಡ್' ಅಂತ ಬರೆದಿತ್ತು, ಅಂದರೆ ಚೀಲದ ಮೇಲೆ ಹೇಳಿದ ಸರಕು ಒಳಗಿಲ್ಲ ಅಂತ. ವರದಿ ತಪ್ಪು ಅನ್ನುವವರು 28 ದಿನದೊಳಗೆ ಹೇಳಬೇಕು. ಆಗ ನ್ಯಾಯಾಲಯದ ಮೂಲಕ ಎತ್ತಿಟ್ಟ ಪೊಟ್ಟಣ ಫರೀದಾಬಾದಿನ ಕೇಂದ್ರೀಯ ಕೀಟನಾಶಕ ಪ್ರಯೋಗಾಲಯಕ್ಕೆ ಹೋಗಬಹುದು. ಇಲ್ಲಿ ಯಾರೂ ತಕರಾರು ಎತ್ತಲಿಲ್ಲ.

ಅಷ್ಟು ಹೊತ್ತಿಗೆ ಇಲಾಖೆಯಿಂದ ಚೀಲದ ಮೇಲಿನ ಹೆಸರಿನ ಕಂಪನಿಗೂ ಪತ್ರ ಹೋಗಿತ್ತು. ಅವರ ಉತ್ತರ ಎರಡೇ ಸಾಲು: ಈ ಬ್ಯಾಚ್ ನಂಬರ್ ನಮ್ಮದಲ್ಲ, ಚೀಲವೂ ನಮ್ಮದಲ್ಲ. ಆಮೇಲೆ ಅವರ ಕಡೆಯವರೊಬ್ಬರು ವಕೀಲರ ಜೊತೆ ನಮ್ಮ ಮನೆಗೇ ಬಂದರು. ಅಸಲಿ ಚೀಲ ತಂದು ನಮ್ಮ ಚೀಲದ ಪಕ್ಕ ಹಾಸಿದರು. ಅಪ್ಪಯ್ಯ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. ಚಿತ್ರ ಒಂದೇ, ಅಕ್ಷರ ಒಂದೇ. ವ್ಯತ್ಯಾಸ ಅವರು ತೋರಿಸಿದ ಮೇಲೆ ಕಂಡದ್ದು: ಹೊಲಿಗೆಯ ದಾರದ ಬಣ್ಣ ಬೇರೆ. ಕನ್ನಡದ ಎಚ್ಚರಿಕೆ ಸಾಲಿನಲ್ಲಿ 'ಶಿಲೀಂಧ್ರ' ಅಂತ ಇರುವ ಕಡೆ 'ಶಿಲಿಂದ್ರ'. ಒಂದು ದೀರ್ಘ, ಒಂದು ಮಹಾಪ್ರಾಣ. ಅಷ್ಟೇ ಇದ್ದದ್ದು ನಮಗೂ ಆ ಮೋಸಕ್ಕೂ ನಡುವೆ.

ಅವರ ವಕೀಲರು ಹೇಳಿದ ಒಂದು ವಿಷಯ ನನಗೆ ಹೊಸದು. ಗುರುತು ಕದ್ದದ್ದಕ್ಕೆ 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆ ಇದೆ. ಆರು ತಿಂಗಳಿಂದ ಮೂರು ವರ್ಷ ಜೈಲು, 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ. ಆದರೆ ಅದರ ಕೆಳಗೆ ಪೊಲೀಸರು ಜಪ್ತಿ ಮಾಡಬೇಕಾದರೆ ಡಿವೈಎಸ್ಪಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ ಬೇಕು, ಟ್ರೇಡ್ ಮಾರ್ಕ್ ರಿಜಿಸ್ಟ್ರಾರರ ಅಭಿಪ್ರಾಯ ಮೊದಲೇ ಪಡೆಯಬೇಕು. ಅಷ್ಟರಲ್ಲಿ ಸರಕು ಜಾಗ ಬದಲಾಯಿಸಿಬಿಡುತ್ತದೆ. ಚೀಲದ ಮೇಲಿನ ಚಿತ್ರ ಒಂದು ಕಲಾಕೃತಿ, ಅದಕ್ಕೆ 1957ರ ಕೃತಿಸ್ವಾಮ್ಯ ಕಾಯ್ದೆಯ ರಕ್ಷಣೆ ಇದೆ. ಅದರಲ್ಲಿ ಸಬ್ ಇನ್ಸ್‌ಪೆಕ್ಟರೇ ವಾರಂಟ್ ಇಲ್ಲದೆ ಜಪ್ತಿ ಮಾಡಬಹುದು. 2022ರಲ್ಲಿ ಸುಪ್ರೀಂ ಕೋರ್ಟ್ ಇದು ಜಾಮೀನು ಸಿಗದ ಅಪರಾಧ ಅಂತಲೂ ಸ್ಪಷ್ಟ ಮಾಡಿದೆ. ಸಿನಿಮಾ ಸಿ.ಡಿ. ಕದ್ದವರ ಮೇಲೆ ಹಾಕುವ ಕಾನೂನು ಅಂತ ಕೇಳಿದ್ದೆ. ನಮ್ಮ ಔಷಧಿ ಚೀಲಕ್ಕೂ ಅದೇ ಕೆಲಸಕ್ಕೆ ಬಂತು.

ಕಂಪನಿ ದೂರು ಕೊಟ್ಟ ಮೂರನೇ ದಿನ ದಾಳಿ ನಡೆಯಿತು. ಪಕ್ಕದ ತಾಲ್ಲೂಕಿನ ಒಂದು ಮುಚ್ಚಿದ ಅಕ್ಕಿ ಗಿರಣಿ. ನಾನು ಅಲ್ಲಿರಲಿಲ್ಲ. ಹೇಳಿಕೆ ಕೊಡಲು ಠಾಣೆಗೆ ಕರೆದಾಗ ಮಾಲು ನೋಡಿದೆ. ಅದೇ ವರ್ಷ ಜುಲೈ 1ರಿಂದ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಹೊಸ ನಾಗರಿಕ ಸುರಕ್ಷಾ ಸಂಹಿತೆ ಬಂದಿತ್ತು, ಶೋಧ, ಜಪ್ತಿ ಎಲ್ಲ ವಿಡಿಯೋ ಆಗಬೇಕು. ಮಹಜರಿನ ಜೊತೆ ಮೊಬೈಲಿನಲ್ಲಿ ತೆಗೆದದ್ದೂ ಸೇರಿತ್ತು. ಠಾಣೆಯ ಹಿಂದೆ ಟಾರ್ಪಾಲಿನ ಅಡಿಯಲ್ಲಿ ಅನ್ನಭೇದಿಯ ಮೂಟೆಗಳು, ಒಂದು ಚೀಲ ಹೊಲಿಯುವ ಯಂತ್ರ, ತಕ್ಕಡಿ, ಒಂದು ಸನಿಕೆ. ಪಕ್ಕದಲ್ಲಿ ಖಾಲಿ ಚೀಲಗಳ ಕಟ್ಟು. ಹೊಸ ಬಣ್ಣ, ಮಡಿಕೆ ಕೂಡ ಮುರಿದಿರಲಿಲ್ಲ. ಅಪ್ಪಯ್ಯ ಮೂವತ್ತು ವರ್ಷ ನಂಬಿದ ಚಿತ್ರ ಸಾಲಾಗಿ, ನೂರಾರು. ಒಂದೊಂದರಲ್ಲೂ ಒಂದೊಂದು ತೋಟ ಹೋಗುತ್ತಿತ್ತು ಅಲ್ವಾ ಅನ್ನಿಸಿ ಕಾಲು ನಿಲ್ಲಲಿಲ್ಲ. ಅಲ್ಲೇ ಮೆಟ್ಟಿಲ ಮೇಲೆ ಕೂತೆ. ಪೇದೆಯೊಬ್ಬರು ನೀರು ತಂದುಕೊಟ್ಟರು.

ಅಂಗಡಿಯವರ ವಿಷಯ ಹೇಳಲೇಬೇಕು. ಅವರು ಬೆರೆಸಿದವರಲ್ಲ. ಒಂದು ಟೆಂಪೋ ಬಂದಿತ್ತಂತೆ, ಕಿಲೋಗೆ ಇಪ್ಪತ್ತು ರೂಪಾಯಿ ಕಡಿಮೆ ಅಂದರಂತೆ, ಬಿಲ್ ಆಮೇಲೆ ಕಳಿಸುತ್ತೇವೆ ಅಂದರಂತೆ. ಕಾನೂನಿನಲ್ಲಿ ವ್ಯಾಪಾರಿಗೆ ಒಂದು ರಕ್ಷಣೆ ಇದೆ. ಲೈಸೆನ್ಸ್ ಇರುವ ತಯಾರಕರಿಂದಲೋ ವಿತರಕರಿಂದಲೋ ತಂದಿದ್ದೇನೆ, ನೋಡಿದ ಮಟ್ಟಿಗೆ ದೋಷ ಗೊತ್ತಾಗುವಂತಿರಲಿಲ್ಲ, ಬಂದ ಹಾಗೇ ಇಟ್ಟು ಮಾರಿದ್ದೇನೆ ಅಂತ ತೋರಿಸಿದರೆ ಅವರು ಹೊಣೆಯಲ್ಲ. ತೋರಿಸಲು ಅವರ ಹತ್ತಿರವೂ ಬಿಲ್ ಇರಲಿಲ್ಲ. ಲೈಸೆನ್ಸ್ ಅಮಾನತಾಯಿತು. ಮೊದಲ ಸಲದ ತಪ್ಪಿಗೆ ಎರಡು ವರ್ಷದವರೆಗೆ ಜೈಲು ಅಥವಾ 10,000ದಿಂದ 50,000ದವರೆಗೆ ದಂಡ, ಎರಡೂ ಆಗಬಹುದು ಅಂತ ಅಧಿಕಾರಿ ಓದಿ ಹೇಳಿದ್ದರು.

ಅಕ್ಟೋಬರಿನ ಒಂದು ಸಂಜೆ ಆ ಅಂಗಡಿಯವರು ನಮ್ಮ ಮನೆಗೆ ಬಂದರು. ಜಗಲಿ ಹತ್ತಲಿಲ್ಲ. ಅಂಗಳದಲ್ಲೇ ನಿಂತು, "ಒಂದು ಮಾತು ನನ್ನತ್ರ ಹೇಳಬಹುದಿತ್ತಲ್ಲ" ಅಂದರು. ನನಗೆ ಬಾಯಿ ಬರಲಿಲ್ಲ. ಇಪ್ಪತ್ತು ವರ್ಷದ ವ್ಯವಹಾರ. ನನ್ನ ಮದುವೆಯ ವರ್ಷ ಸಾಲಕ್ಕೆ ಗೊಬ್ಬರ ಕೊಟ್ಟವರು. ಅಪ್ಪಯ್ಯನೇ ಎದ್ದು, "ಬನ್ನಿ, ಕಾಫಿ ಕುಡ್ದು ಹೋಗಿ" ಅಂದರು. ಕಾಫಿ ಕುಡಿದರು. ದೂರು ವಾಪಸ್ ತೆಗೆದುಕೊಳ್ಳಿ ಅಂತ ಅವರೂ ಕೇಳಲಿಲ್ಲ, ತೆಗೆದುಕೊಳ್ಳುತ್ತೇನೆ ಅಂತ ನಾನೂ ಹೇಳಲಿಲ್ಲ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಆದರೂ ನಾನು ಮಾಡಿದ್ದು ಸರಿ. ಎಲೆಚುಕ್ಕಿ ರೋಗ ಬಂದ ಮೇಲೆ ನಮ್ಮ ಸೀಮೆಯ ರೈತ ಸಿಕ್ಕ ಸಿಕ್ಕ ಔಷಧಿಗೆ ಕೈ ಚಾಚುತ್ತಿದ್ದಾನೆ. ಹೆದರಿದವನ ಮನೆ ಬಾಗಿಲಿಗೇ ಈ ಟೆಂಪೋಗಳು ಬರುವುದು.

ನನ್ನ ನಷ್ಟದ ಲೆಕ್ಕ ಬೇರೆ ದಾರಿ. ಕೀಟನಾಶಕ ಕಾಯ್ದೆ ತಪ್ಪಿತಸ್ಥರಿಗೆ ಶಿಕ್ಷೆ ಕೊಡುತ್ತದೆ, ರೈತನಿಗೆ ಪರಿಹಾರ ಕೊಡುವುದಿಲ್ಲ. ಅದಕ್ಕೆ ಗ್ರಾಹಕರ ಆಯೋಗ. ರೈತನೂ ಗ್ರಾಹಕನೇ ಅಂತ ಬೀಜದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2012ರಲ್ಲೇ ಹೇಳಿದೆ. ಎರಡು ವರ್ಷದೊಳಗೆ ಹಾಕಬೇಕು. ಕೊಂಡ ಸಾಮಾನಿನ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ. 2025ರ ಜನವರಿಯಲ್ಲಿ ಶಿವಮೊಗ್ಗಕ್ಕೆ ಹೋಗಿ ಅರ್ಜಿ ಹಾಕಿದೆ. ಆ ಬಿಳಿ ಚೀಟಿ ಅಲ್ಲಿ ನಡೆಯುವುದು ಕಷ್ಟ ಅಂದರು. ಕೈ ಹಿಡಿದದ್ದು ಫೋನ್‌ಪೇ. ದುಡ್ಡು ಕೊಟ್ಟ ತಾರೀಕು, ಅಂಗಡಿಯ ಹೆಸರು, ಮೊತ್ತ, ಮೂರೂ ಅದರಲ್ಲಿತ್ತು. ಬ್ಯಾಂಕಿನಿಂದ ಅದರ ಪ್ರತಿ ಮಾಡಿಸಿ, ಪ್ರಯೋಗಾಲಯದ ವರದಿ, ಬಿದ್ದ ಕಾಯಿಯ ಫೋಟೋ ಲಗತ್ತಿಸಿದೆ. ಎರಡೂ ಪ್ರಕರಣ ಇನ್ನೂ ನಡೆಯುತ್ತಿವೆ. ತಾರೀಕಿಗೆ ಬೆಳಗಿನ ಬಸ್ಸಿಗೆ ಹೋಗುತ್ತೇನೆ.

2025ರ ಮೇ ತಿಂಗಳಲ್ಲಿ ಹೊಸ ಮೈಲುತುತ್ತ ತಂದೆವು. ಬಿಲ್ಲಿನಲ್ಲಿ ಬ್ಯಾಚ್ ನಂಬರ್ ಬರೆಸಿಕೊಂಡೆ. ಚೀಲದ ಬಾಯಿ ಬಿಚ್ಚುವ ಮುಂಚೆ ಫೋಟೋ ತೆಗೆದೆ. ಅಮೋನಿಯಾ ಬಾಟಲಿ ಈಗ ಜಗಲಿಯ ಗೂಡಿನಲ್ಲೇ ಇರುತ್ತದೆ, ಮಕ್ಕಳ ಕೈಗೆ ಸಿಗದಷ್ಟು ಮೇಲೆ. ಊರಿನವರು ಒಂದೊಂದು ಚಿಟಿಕೆ ಕಾಗದದಲ್ಲಿ ಕಟ್ಟಿಕೊಂಡು ಬರುತ್ತಾರೆ. ಅಪ್ಪಯ್ಯನೇ ಲೋಟ ತೊಳೆದು ಹನಿ ಬಿಡುತ್ತಾರೆ. ಆ ತಿಂಗಳು ಹನ್ನೊಂದು ಮನೆಯವರು ಬಂದಿದ್ದರು. ಒಂಬತ್ತು ಲೋಟ ಶಾಯಿಯ ಹಾಗೆ ನೀಲಿಯಾಯಿತು. ಎರಡರಲ್ಲಿ ಹಸಿರು ಗಸಿ ತಳ ಕಚ್ಚಿತು.

"ಬಿಲ್ ಇಟ್ಟಿದ್ದೀರಾ?" ಅಂತ ಅಪ್ಪಯ್ಯ ಕೇಳಿದರು. ಇಬ್ಬರೂ ಇಟ್ಟಿದ್ದರು. ಮಾರನೇ ದಿನ ಬೆಳಿಗ್ಗೆ ಮೂವರೂ ಕೃಷಿ ಇಲಾಖೆಗೆ ಹೋದೆವು.